ಹೆಸರೊಳಗಿನ ಕೆಂಪು

ಕೆಂಪಮ್ಮ, ಅರುಣಾ. ಎರಡೂ ಒಂದೇ ಹೆಸರು. ಒಂದು ಕನ್ನಡದ್ದು, ಇನ್ನೊಂದು ಸಂಸ್ಕೃತದ್ದು, ಎರಡರ ತಿರುಳೂ ಕೆಂಪು. ಅಜ್ಜಿ ಕೆಂಪಮ್ಮ, ಮೊಮ್ಮಗಳು ಅರುಣಾ ಆಗಿರುವ ಮನೆಗಳಲ್ಲೂ ಈ ನಂಟು ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಅಜ್ಜಿಯದು ಹಳ್ಳಿ ಹೆಸರು ಎನಿಸಿ ಹಿಂದೆ ಸರಿಯಿತು, ಮೊಮ್ಮಗಳದು ಅರ್ಥವಿರುವ ಹೆಸರು ಎನಿಸಿ ಮುಂದೆ ಬಂತು. ಅರ್ಥ ಇದ್ದಲ್ಲೇ ಇತ್ತು, ಬದಲಾದದ್ದು ಭಾಷೆ ಮಾತ್ರ. ಕೆಂಪ, ಕೆಂಚ ಎಂಬ ಹೆಸರುಗಳಿಗೆ ಅರ್ಥವೇ ಇಲ್ಲ, ಅವು ಬರೀ ಕರೆಯುವ ಗುರುತು ಎಂಬ ಮಾತು ಎಷ್ಟು ತಪ್ಪು ಎನ್ನುವುದನ್ನು ಆ ಹೆಸರುಗಳನ್ನೇ ಬಿಡಿಸಿ ನೋಡಿದರೆ ತಿಳಿಯುತ್ತದೆ.

ಮೊದಲು ಪದ. ಕೆಂಪು ಎನ್ನುವುದೇ ಮೂಲವಲ್ಲ, ಮೂಲ ಇರುವುದು ಕೆನ್ ಅಥವಾ ಕೆಂ ಎಂಬ ತುಣುಕಿನಲ್ಲಿ. ತಣ್ ಎಂಬುದಕ್ಕೆ ‘ಪು’ ಸೇರಿ ತಂಪು, ಇನ್ ಎಂಬುದಕ್ಕೆ ಸೇರಿ ಇಂಪು ಆದಂತೆ ಕೆನ್ ಎಂಬುದಕ್ಕೆ ಸೇರಿ ಕೆಂಪು ಆಗಿದೆ. ಶಾಲೆಯ ವ್ಯಾಕರಣದಲ್ಲಿ ‘ಕೆಂಪು + ತಾವರೆ = ಕೆಂದಾವರೆ’ ಎಂದು ಬರೆಸುತ್ತಾರೆ. ಪರೀಕ್ಷೆಗೆ ಅದು ಸಾಕು. ನಡೆದದ್ದು ಮಾತ್ರ ಹಾಗಲ್ಲ. ಕೆಂಪು ಎಂಬುದರ ಬಾಲ ಕತ್ತರಿಸಿ ಕೆಂ ಮಾಡಿದ್ದಲ್ಲ. ಕೆನ್ ಮೊದಲಿನಿಂದಲೂ ಇತ್ತು, ಅದಕ್ಕೆ ತಾವರೆ ನೇರವಾಗಿ ಅಂಟಿತು.

ಅಂಟುವಾಗ ಮುಂದಿನ ಅಕ್ಷರ ನೋಡಿಕೊಂಡು ರೂಪ ಬದಲಾಗುತ್ತದೆ. ಹೆಸರು ಬಿಡಿಸುವವರು ಇದನ್ನು ಗೊತ್ತು ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಮುಂದೆ ಕ ಇದ್ದರೆ ಗ ಆಗುತ್ತದೆ: ಕೆಂಗಣ್ಣು, ಕೆಂಗಲ್ಲು, ಸೂರ್ಯನಿಗೆ ಕವಿಗಳು ಕೊಟ್ಟ ಕೆಂಗದಿರ ಎಂಬ ಹೆಸರು. ತ ಇದ್ದರೆ ದ: ಕೆಂದುಟಿ, ಕೆಂದಳಿರು. ಮ ಇದ್ದರೆ ಇಮ್ಮಡಿಸುತ್ತದೆ: ಕೆಮ್ಮಣ್ಣು, ಕೆಮ್ಮುಗಿಲು. ನ ಇದ್ದರೂ ಹಾಗೆಯೇ: ಕೆನ್ನೀರು, ಮತ್ತು ಬೆಂಕಿ ಬಿದ್ದ ಸುದ್ದಿಯಲ್ಲೆಲ್ಲ ಪತ್ರಿಕೆಗಳು ಬಳಸುವ ಕೆನ್ನಾಲಗೆ. ಪ ಇದ್ದರೆ ಬ, ಕೆಂಬೊನ್ನು ಎಂಬಲ್ಲಿರುವಂತೆ. ಇದು ವಿಶೇಷವಾದದ್ದು. ಪೊನ್ನು ಹೊನ್ನಾಗಿ ಎಷ್ಟೋ ಶತಮಾನ ಕಳೆದಿದೆ, ಆದರೂ ಕೆಂಬೊನ್ನಿನ ಬಕಾರದೊಳಗೆ ಹಳೆಯ ಪಕಾರ ಇನ್ನೂ ಕೂತಿದೆ. ಮುಂದೆ ಸ್ವರ ಬಂದರೆ ಹಳಗನ್ನಡ ಬೇರೆಯೇ ದಾರಿ ಹಿಡಿಯುತ್ತದೆ: ಕೆಂಪು ಪಾದ ಕೇಸಡಿ, ಕೆಂಪು ಉರಿ ಕೇಸುರಿ, ಕೆಂಪಕ್ಕಿ ಕೇಸಕ್ಕಿ.

ಈ ‘ಕ’ ಕನ್ನಡದ ಸೊತ್ತು. ದ್ರಾವಿಡ ಭಾಷೆಗಳ ಮೂಲದಲ್ಲಿ ಎ, ಇ ಸ್ವರಗಳ ಹಿಂದೆ ಇದ್ದ ಕಕಾರವನ್ನು ತಮಿಳು, ಮಲಯಾಳಂ, ತೆಲುಗುಗಳು ಸಾಮಾನ್ಯವಾಗಿ ಚಕಾರ ಮಾಡಿಕೊಂಡವು, ಕನ್ನಡ ಹಾಗೆಯೇ ಉಳಿಸಿಕೊಂಡಿತು. ನಮ್ಮ ಕಿವಿ ತೆಲುಗಿನಲ್ಲಿ ಚೆವಿ, ತಮಿಳಿನಲ್ಲಿ ಸೆವಿ. ನಮ್ಮ ಕೆರೆ ತೆಲುಗಿನಲ್ಲಿ ಚೆರುವು. ಅದೇ ದಾರಿಯಲ್ಲಿ ನಮ್ಮ ಕೆಂ ತಮಿಳಿನಲ್ಲಿ ಸೆಂ. ತಮಿಳರು ಮುರುಗನನ್ನು ಸೇಯೋನ್ ಎಂದು ಕರೆದದ್ದು ‘ಕೆಂಪನೆಯವನು’ ಎಂಬ ಅರ್ಥದಲ್ಲಿ. ಅಂದರೆ ತಮಿಳಿನ ಸೇಯೋನ್ ಮತ್ತು ಕನ್ನಡದ ಕೆಂಪ ಒಂದೇ ಬೇರಿನವು. ತೆಲುಗಿನಲ್ಲಿ ಬಣ್ಣಕ್ಕೆ ಬಳಕೆಯ ಪದ ಎರ್ರ, ಆ ಭಾಷೆಯ ಕವಿತ್ರಯದಲ್ಲಿ ಒಬ್ಬನಾದ ಎರ್ರನನ ಹೆಸರಿನಲ್ಲಿ ಇರುವುದೂ ಅದೇ. ಆದರೆ ತೆಲುಗಿನಲ್ಲೂ ಕೆಂಪು ಎಂಬ ಪದವಿದೆ, ಅರ್ಥ ಮಾಣಿಕ್ಯ. ತೆಲುಗಿನ ಮನೆಯಲ್ಲೇ ಹುಟ್ಟಿದ್ದರೆ ಅದು ಚಕಾರದಿಂದ ಶುರುವಾಗಬೇಕಿತ್ತು. ಕಕಾರ ಉಳಿದಿರುವುದೇ ಅದು ಕನ್ನಡದಿಂದ ಹೋದದ್ದು ಎನ್ನುವುದಕ್ಕೆ ಗುರುತು.

ಎಕಾರದ ಜಾಗದಲ್ಲಿ ಇಕಾರ ಇರುವ ರೂಪವೂ ಹಳಗನ್ನಡದಲ್ಲಿದೆ: ಕಿಸು. ಕೋಪದಿಂದ ಕೆಂಪಾದ ಕಣ್ಣು ಕಿಸುಗಣ್. ಈ ರೂಪ ಈಗ ಆಡುಮಾತಿನಲ್ಲಿ ಇಲ್ಲ, ಆದರೆ ಅದು ಸೇರಿಕೊಂಡಿರುವ ಒಂದು ಊರಿನ ಹೆಸರು ಕನ್ನಡಕ್ಕೆ ಬಹಳ ದೊಡ್ಡದು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್. ಪೊಳಲ್ ಎಂದರೆ ಪಟ್ಟಣ, ಕಿಸುವೊಳಲ್ ಎಂದರೆ ಕೆಂಪು ಪಟ್ಟಣ. ಮಲಪ್ರಭೆಯ ದಡದಲ್ಲಿ ನಿಂತು ಆ ದೇವಾಲಯಗಳನ್ನು ನೋಡಿದವರಿಗೆ ಹೆಸರು ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ. ಅಲ್ಲಿಯ ಮರಳುಗಲ್ಲಿನ ಬಣ್ಣವೇ ಅದು, ಸಂಜೆ ಬಿಸಿಲಿಗಂತೂ ಇನ್ನಷ್ಟು ಏರುತ್ತದೆ. ಸುತ್ತಲಿನ ನಾಡನ್ನು ಶಾಸನಗಳು ಕಿಸುಕಾಡು ಎಪ್ಪತ್ತು ಎನ್ನುತ್ತವೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ‘ಕನ್ನಡದ ತಿರುಳ್’ ಎಂದು ನಾಲ್ಕು ಊರುಗಳ ನಡುವಿನ ನಾಡನ್ನು ಗುರುತಿಸುತ್ತದೆ: ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ. ಕನ್ನಡದ ತಿರುಳಿಗೆ ಗಡಿ ಹಾಕುವಾಗ ಮೊದಲು ಬಂದ ಹೆಸರೇ ಕೆಂಪಿನದು. ಕಿಸು ಎಂಬ ಪದದ ಅರ್ಥ ಮರೆತುಹೋಗಿರುವುದರಿಂದ ಈ ಸಾಲು ಓದುವಾಗ ಬಣ್ಣ ಕಾಣುವುದಿಲ್ಲ, ಅಷ್ಟೆ.

ಕೆಮ್ಮಣ್ಣುಗುಂಡಿಯಲ್ಲಿ ಬಣ್ಣ ಕಾಣುತ್ತದೆ, ಕಾರಣವೂ ಕಾಣುತ್ತದೆ. ಅಲ್ಲಿ ಮಣ್ಣು ಕೆಂಪಾಗಿರುವುದು ಕಬ್ಬಿಣದಿಂದ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಆ ಬೆಟ್ಟದಿಂದಲೇ. ಚನ್ನಪಟ್ಟಣದ ಬಳಿಯ ಕೆಂಗಲ್ ಎಂದರೆ ಕೆಂಪು ಕಲ್ಲು, ಅಲ್ಲಿಯ ಆಂಜನೇಯನ ಕೆಂಪು ಕಲ್ಲಿನ ಮೂರ್ತಿಯಿಂದ ಆ ಹೆಸರು ಎಂದು ಊರವರು ಹೇಳುತ್ತಾರೆ. ಆ ಊರ ಹೆಸರು ಒಬ್ಬರ ಹೆಸರಿನ ಮುಂದೆ ನಿಂತು ವಿಧಾನಸೌಧದವರೆಗೆ ಬಂತು. 1952ರಿಂದ 1956ರವರೆಗೆ ಮುಖ್ಯಮಂತ್ರಿಯಾಗಿದ್ದ ಕೆಂಗಲ್ ಹನುಮಂತಯ್ಯನವರ ಹೆಸರಿನಲ್ಲಿ ಕಲ್ಲೂ ಇದೆ, ಹನುಮಂತನೂ ಇದ್ದಾನೆ. ಯಾದಗಿರಿ ಕಡೆಯ ಕೆಂಭಾವಿ ಕೆಂಪು ಬಾವಿ. ಉತ್ತರ ಕರ್ನಾಟಕದಲ್ಲಿ ಊರ ಹೆಸರೇ ಅಡ್ಡಹೆಸರು ಆಗುವುದರಿಂದ ಕೆಂಭಾವಿ ಎಂಬ ಮನೆತನದ ಹೆಸರಿನಲ್ಲೂ ಅದೇ ಬಣ್ಣ ಉಳಿದಿದೆ.

ಈಗ ಜನರ ಹೆಸರು. ಹಳೆಯ ಮೈಸೂರು ಸೀಮೆಯ ಹೆಸರನ್ನು ಬಿಡಿಸುವಾಗ ಹಿಂದಿನಿಂದ ಮುಂದಕ್ಕೆ ಬರಬೇಕು. ಮೊದಲು ಕೊನೆಯ ಗೌರವಸೂಚಕ ತೆಗೆಯಿರಿ: ಅಮ್ಮ, ಅಪ್ಪ, ಅಯ್ಯ, ಅಣ್ಣ, ಗೌಡ, ಶೆಟ್ಟಿ, ಅರಸು, ಅಮ್ಮಣ್ಣಿ. ಆಮೇಲೆ ದೇವರ ಹೆಸರು ಇದ್ದರೆ ತೆಗೆಯಿರಿ: ನಂಜ, ಸಿದ್ದ, ಹನುಮ, ವೀರ, ಲಿಂಗ. ಉಳಿದದ್ದು ಮುಂದಿನ ವಿಶೇಷಣ: ಕೆಂಪ, ಕರಿ, ಚಿಕ್ಕ, ದೊಡ್ಡ, ಪುಟ್ಟ. ಕೆಂಪಹನುಮಯ್ಯ, ಕೆಂಪಸಿದ್ದಯ್ಯ, ಕೆಂಪವೀರಯ್ಯ ಎಲ್ಲವೂ ಈ ಅಚ್ಚಿನವೇ. ಈ ಕ್ರಮದಲ್ಲಿ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಹೆಸರನ್ನು ನೋಡಿ. ಅಮ್ಮಣ್ಣಿ ಅರಸು ಮನೆತನದ ಹೆಣ್ಣುಮಕ್ಕಳಿಗೆ ಸಲ್ಲುವ ಗೌರವದ ಮಾತು. ನಂಜ ನಂಜನಗೂಡಿನ ನಂಜುಂಡೇಶ್ವರ. ಕೆಂಪ ನಾವು ಬೆನ್ನು ಹತ್ತಿರುವ ಬಣ್ಣ. ಪತಿ ತೀರಿಕೊಂಡ ಮೇಲೆ ಮಗ ಚಿಕ್ಕವನಾಗಿದ್ದಾಗ 1895ರಿಂದ 1902ರವರೆಗೆ ರಾಜ್ಯಭಾರ ನಡೆಸಿದವರು ಅವರು. ಅವರ ಬಿರುದು ವಾಣಿ ವಿಲಾಸ ಸನ್ನಿಧಾನ. ಹಿರಿಯೂರಿನ ಜಲಾಶಯಕ್ಕೂ ಬೆಂಗಳೂರಿನ ಆಸ್ಪತ್ರೆಗೂ ನಿಂತದ್ದು ಈ ವಾಣಿ ವಿಲಾಸವೇ. ತಂದೆತಾಯಿ ಇಟ್ಟ ಅಚ್ಚಗನ್ನಡದ ಕೆಂಪನಂಜ ಪುಸ್ತಕದಲ್ಲಿ ಉಳಿಯಿತು. ಅಜ್ಜಿ ಮೊಮ್ಮಗಳ ನಡುವೆ ಆದದ್ದು ಅರಮನೆಯಲ್ಲಿ ಒಬ್ಬರದೇ ಹೆಸರಿನೊಳಗೆ ಆಯಿತು.

ಕೆಂಪೇಗೌಡ ಎಂಬಲ್ಲಿ ಒಂದು ಏಕಾರ ಇದೆ, ಅದು ಎಲ್ಲಿಯದು ಎಂದು ಕೇಳುವವರಿದ್ದಾರೆ. ಗೌಡ ಸೇರುವಾಗ ಅಕಾರದಿಂದ ಕೊನೆಯಾಗುವ ಹೆಸರು ಏಕಾರ ಪಡೆಯುವುದು ಆ ಸೀಮೆಯ ಪದ್ಧತಿ: ನಂಜೇಗೌಡ, ಜವರೇಗೌಡ, ಚಿಕ್ಕೇಗೌಡ, ಕೆಂಚೇಗೌಡ. ಅದು ದೀರ್ಘ. ಕೆಂಪೆಗೌಡ ಎಂದು ಹ್ರಸ್ವ ಮಾಡಿ ಬರೆಯುವುದು, ಕೆಂಪೇ ಗೌಡ ಎಂದು ನಡುವೆ ಜಾಗ ಬಿಡುವುದು ಎರಡೂ ತಪ್ಪು. ರೋಮನ್ ಲಿಪಿಯಲ್ಲಿ ಹ್ರಸ್ವ ದೀರ್ಘದ ಭೇದ ಇಲ್ಲದ್ದರಿಂದ ಅಲ್ಲಿಂದ ಕನ್ನಡಕ್ಕೆ ತಿರುಗಿಸುವಾಗ ಈ ತಪ್ಪು ಹುಟ್ಟುತ್ತದೆ. ಹೆಸರು ಮೊದಲು ಕನ್ನಡದಲ್ಲಿ ಬರೆದು, ಅದನ್ನು ನೋಡಿ ರೋಮನ್ನಿಗೆ ಇಳಿಸಿದರೆ ಸರಿಯಾಗಿರುತ್ತದೆ.

1537ರಲ್ಲಿ ಬೆಂಗಳೂರಿಗೆ ಕೋಟೆ ಕಟ್ಟಿದ ಯಲಹಂಕದ ನಾಡಪ್ರಭುವಿಗೆ ಕೆಂಪು ಬಂದದ್ದು ಮೈಬಣ್ಣದಿಂದಲೇ ಎಂದು ಹೇಳಲು ಬರುವುದಿಲ್ಲ. ತಂದೆಯ ಹೆಸರಿನಲ್ಲೇ ಕೆಂಪ ಇದೆ, ಕೆಂಪನಂಜೇಗೌಡ. ಆ ಮನೆತನದ ದೇವತೆ ಕೆಂಪಮ್ಮ ಎಂಬುದು ನಡೆದುಬಂದ ಮಾತು, ಬೆಂಗಳೂರಿನ ಕೆಂಪಾಂಬುಧಿ ಕೆರೆಗೆ ಹೆಸರು ಬಂದದ್ದೂ ಆ ದೇವಿಯಿಂದ ಎನ್ನುತ್ತಾರೆ. ಮುಂದೆ ಅದೇ ಹೆಸರು ವಂಶದವರಿಗೆ ಹೋಯಿತು, ಇಮ್ಮಡಿ, ಮುಮ್ಮಡಿ ಎಂದು ಎಣಿಕೆ ಹಚ್ಚಬೇಕಾಯಿತು. ಹೆಸರಿನ ಅರ್ಥ ಹೇಳುವವರು ಇಲ್ಲೇ ಎಡವುತ್ತಾರೆ. ಪದದ ಅರ್ಥ ಒಂದು, ಆ ಮಗುವಿಗೆ ಅದನ್ನು ಇಟ್ಟ ಕಾರಣ ಇನ್ನೊಂದು. ಕೆಂಪಯ್ಯನ ಮೈಬಣ್ಣ ಕಪ್ಪಾಗಿದ್ದರೆ ಹೆಸರು ತಪ್ಪಲ್ಲ. ಅವನು ತಾತನ ಹೆಸರು ಹೊತ್ತವನಿರಬಹುದು, ಗ್ರಾಮದೇವತೆ ಕೆಂಪಮ್ಮನಿಗೆ ಹರಕೆ ಹೊತ್ತು ಹುಟ್ಟಿದವನಿರಬಹುದು. ಮನೆದೇವರು ಯಾರು, ತಾತ ಅಜ್ಜಿಯರ ಹೆಸರೇನು ಎಂಬ ಎರಡು ಪ್ರಶ್ನೆ ಕೇಳದೆ ಕಾರಣ ಹೇಳಬಾರದು.

ಮೈಬಣ್ಣದಿಂದ ಬಂದ ಹೆಸರೂ ಇದೆ, ಅಲ್ಲಿ ಕೆಂಪು ಎಂದರೆ ರಕ್ತದ ಬಣ್ಣವಲ್ಲ. ‘ಮಗು ಕೆಂಪಗಿದೆ’, ‘ಹುಡುಗಿ ಕೆಂಪು ಕೆಂಪಗೆ ಲಕ್ಷಣವಾಗಿದ್ದಾಳೆ’ ಎಂದರೆ ಬೆಳ್ಳಗಿದ್ದಾಳೆ ಎಂದೇ ಅರ್ಥ. ನಮ್ಮ ಮಾತಿನಲ್ಲಿ ಬರಿಯ ಬಿಳಿ ಮೈಗೆ ಮೆಚ್ಚುಗೆ ಕಡಿಮೆ, ಬಿಳಿಚಿಕೊಂಡಿದೆ ಎಂದರೆ ಕಾಯಿಲೆ. ರಕ್ತ ತುಂಬಿ ಹೊಳೆಯುವ ಮೈ ಕೆಂಪು. ಇದು ಕನ್ನಡಿಗರ ಕಣ್ಣು ಮಾತ್ರ ಕಂಡದ್ದಲ್ಲ. ಹುಮೇರಾ ಎಂಬ ಹೆಸರು ಕರ್ನಾಟಕದ ಮುಸ್ಲಿಂ ಮನೆಗಳಲ್ಲೂ ಇದೆ. ಅರಬ್ಬಿಯಲ್ಲಿ ಹಮ್ರಾ ಎಂದರೆ ಕೆಂಪನೆಯವಳು, ಅದನ್ನು ಮುದ್ದಿಗೆ ಚಿಕ್ಕದು ಮಾಡಿದರೆ ಹುಮೈರಾ. ಪ್ರವಾದಿಯವರ ಪತ್ನಿ ಆಯಿಷಾ ಅವರನ್ನು ಕರೆದ ಮುದ್ದಿನ ಹೆಸರು ಎಂದು ಅದು ಪ್ರಸಿದ್ಧ. ಕೆಂಪನೆಯವಳು, ಅಂದರೆ ಬೆಳ್ಳಗೆ ಕೆನ್ನೆ ಕೆಂಪಾದವಳು. ಕನ್ನಡದಲ್ಲಿ ಇದಕ್ಕೆ ಸರಿಜೋಡಿ ಹೆಸರು ಹುಡುಕಿದರೆ ಕೆಂಪಿ ಎಂಬುದಕ್ಕಿಂತ ಹತ್ತಿರದ್ದು ಸಿಗುವುದಿಲ್ಲ.

ಇನ್ನೊಂದು ಅರ್ಥ ಒಡವೆಯವರಿಗೆ ಗೊತ್ತು. ಕೆಂಪಿನ ಓಲೆ, ಕೆಂಪಿನುಂಗುರ, ಕೆಂಪಿನ ಅಡ್ಡಿಕೆ ಎಂದಾಗ ಕೆಂಪು ಎಂದರೆ ಹರಳು, ಮಾಣಿಕ್ಯ. ಭರತನಾಟ್ಯದವರು ತೊಡುವ ಕೆಂಪುಹರಳಿನ ಒಡವೆಗೆ ದೇಶದ ಎಲ್ಲ ಅಂಗಡಿಗಳಲ್ಲೂ ಹೆಸರು ಕೆಂಪು ಅಥವಾ ಕೆಂಪ್ ಎಂದೇ. ಮುತ್ತಪ್ಪ, ಮಾಣಿಕಪ್ಪ, ಚಿನ್ನಪ್ಪ, ರತ್ನಮ್ಮ ಎಂದು ಒಡವೆಯ ಹೆಸರಿಡುವ ನಾಡಿನಲ್ಲಿ ಕೆಂಪಮ್ಮನೂ ಕೆಲವು ಮನೆಗಳಲ್ಲಿ ಮಾಣಿಕ್ಯವೇ ಆಗಿರಬಾರದೇಕೆ? ಹೆಸರುಗಳ ಸಾಲು ನೋಡಿದರೆ ಇದು ತಿಳಿಯುತ್ತದೆ: ಅಕ್ಕ ಮುತ್ತಮ್ಮ, ತಂಗಿ ಕೆಂಪಮ್ಮ ಆಗಿದ್ದರೆ ಹರಳು ಎನ್ನಲು ಬಲವುಂಟು. ಅಕ್ಕ ಕರಿಯಮ್ಮ ಆಗಿದ್ದರೆ ಬಣ್ಣ ಅಥವಾ ದೇವತೆ.

ಕೆಂಚ ಬೇರೆ. ಇದನ್ನು ಕೆಂಪದ ಜೊತೆ ಕಲಸಬಾರದು. ಬೇರು ಒಂದೇ, ಬಣ್ಣ ಒಂದೇ ಅಲ್ಲ. ಕೆಂಚು ಎಂದರೆ ಕಂದಿಗೆ ತಿರುಗಿದ ಕೆಂಪು, ಎಣ್ಣೆ ಕಾಣದ ತಲೆಗೂದಲಿನ ಬಣ್ಣ. ಕೆಂಚುಗೂದಲಿನ ಹುಡುಗ ಕೆಂಚ, ಹುಡುಗಿ ಕೆಂಚಿ. ಎತ್ತಿಗೂ ನಾಯಿಗೂ ಇದೇ ಹೆಸರು ಇಟ್ಟಿದ್ದರಿಂದಲೋ ಏನೋ ಮನುಷ್ಯರ ಹೆಸರಾಗಿ ಇದು ಕೆಂಪಕ್ಕಿಂತ ಬೇಗ ಮರೆಯಾಗುತ್ತಿದೆ. ಆದರೆ ದೇವಿಯ ಹೆಸರಾಗಿ ಗಟ್ಟಿಯಾಗಿ ನಿಂತಿದೆ. ಹಾಸನಾಂಬೆಯ ಐತಿಹ್ಯದಲ್ಲಿ ಸಪ್ತಮಾತೃಕೆಯರಲ್ಲಿ ಒಬ್ಬಳು ಆಲೂರು ತಾಲ್ಲೂಕಿನಲ್ಲಿ ನೆಲೆಸಿದಳು, ಅವಳೇ ಕೆಂಚಮ್ಮ, ಊರು ಕೆಂಚಮ್ಮನ ಹೊಸಕೋಟೆ.

ಅವಳನ್ನೇ ಕೆಂಚಾಂಬೆ ಎಂದೂ ಕರೆಯುತ್ತಾರೆ. ಕೆಂಚಮ್ಮ ಮತ್ತು ಕೆಂಚಾಂಬೆ ನಡುವಿನ ವ್ಯತ್ಯಾಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೆಂಚ, ಅಮ್ಮ ಸೇರಿದಾಗ ಒಂದು ಅಕಾರ ಬಿದ್ದುಹೋಗಿ ಕೆಂಚಮ್ಮ ಆಗುತ್ತದೆ, ಅದು ಕನ್ನಡದ ಲೋಪಸಂಧಿ. ಕೆಂಚ, ಅಂಬಾ ಸೇರಿದಾಗ ಎರಡು ಅಕಾರ ಕೂಡಿ ದೀರ್ಘವಾಗುತ್ತದೆ, ಅದು ಸಂಸ್ಕೃತದ ಸವರ್ಣದೀರ್ಘ. ಕೆಂಪಾಂಬುಧಿಯಲ್ಲಿ ಆದದ್ದೂ ಅದೇ, ಅಚ್ಚಗನ್ನಡ ಪದಕ್ಕೆ ಸಂಸ್ಕೃತದ ಸಮುದ್ರವನ್ನು ಸಂಸ್ಕೃತದ ಸಂಧಿಯಲ್ಲೇ ಕೂಡಿಸಿದ್ದಾರೆ. ವ್ಯಾಕರಣದವರು ಅರಿಸಮಾಸ ಎಂದು ಮುಖ ಸಿಂಡರಿಸುವ ಜೋಡಣೆ ಇದು. ಜನ ಒಪ್ಪಿ ಶತಮಾನಗಳಿಂದ ಕರೆಯುತ್ತಿರುವ ಹೆಸರನ್ನು ತಿದ್ದುವ ಅಧಿಕಾರ ವ್ಯಾಕರಣಕ್ಕೆ ಇಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಸಂಸ್ಕೃತದ ಕೆಂಪುಗಳು ನಮ್ಮ ಹಾಜರಿ ಪುಸ್ತಕಗಳಲ್ಲಿ ಈಗ ಹೆಚ್ಚು. ಅರುಣ ಎಂದರೆ ಮುಂಜಾವಿನ ಕೆಂಪು, ಸೂರ್ಯನ ಸಾರಥಿ. ತಿರುವಣ್ಣಾಮಲೆ ಅರುಣಾಚಲ, ಶೋಣಾಚಲ ಎಂದೂ ಅದಕ್ಕೆ ಹೆಸರು, ಶೋಣ ಎಂದರೂ ಕೆಂಪೇ. ರೋಹಿತ, ಲೋಹಿತ ಒಂದೇ ಪದದ ಎರಡು ಉಚ್ಚಾರ. ಹರಿಶ್ಚಂದ್ರನ ಮಗ ಸಂಸ್ಕೃತದಲ್ಲಿ ರೋಹಿತಾಶ್ವ, ರಾಘವಾಂಕನ ಕಾವ್ಯದ ಬಲದಿಂದ ನಮಗೆ ಲೋಹಿತಾಶ್ವ. ಲೋಹ ಎಂಬ ಪದಕ್ಕೂ ಮೊದಲಿನ ಅರ್ಥ ಕೆಂಪು ಲೋಹ, ತಾಮ್ರ. ಆಮೇಲೆ ಕಬ್ಬಿಣವೂ ಅದರೊಳಗೆ ಬಂತು, ಕೊನೆಗೆ ಎಲ್ಲ ಲೋಹವೂ ಬಂತು. ರೋಹಿಣಿ ನಕ್ಷತ್ರವನ್ನು ಬರಿಗಣ್ಣಿನಿಂದ ನೋಡಿ, ಕಿತ್ತಳೆಗೆಂಪು ಸ್ಪಷ್ಟವಾಗಿ ಕಾಣುತ್ತದೆ. ಆದರೆ ರೋಹಿಣಿ ಎಂದರೆ ಕೆಂಪು ಹಸು ಎಂಬ ಅರ್ಥವೂ ಇದೆ. ನಮ್ಮ ಕೊಟ್ಟಿಗೆಗಳಲ್ಲಿ ಕೆಂಪಿ ಎಂದು ಕರೆಸಿಕೊಂಡು ಬಂದು ನಿಲ್ಲುವ ಹಸು ಅಕ್ಷರಶಃ ರೋಹಿಣಿ. ಇನ್ನೂ ಮುಂದೆ ಹೋದರೆ ರೋಹಿತ, ರುಧಿರ ಎಂಬ ಪದಗಳು ಲ್ಯಾಟಿನ್‌ನ ರೂಬರ್, ಇಂಗ್ಲಿಷಿನ ರೆಡ್ ಪದಗಳ ದೂರದ ಬಂಧುಗಳು. ಮಂಗಳೂರಿನ ರೂಬಿ ಮತ್ತು ಬೆಂಗಳೂರಿನ ರೋಹಿತ್ ಒಂದೇ ಬೇರಿನವರು.

ಸಂವತ್ಸರಗಳಲ್ಲೂ ಈ ಬಣ್ಣ ಇದೆ, ಅರವತ್ತರಲ್ಲಿ 57ನೆಯದು ರುಧಿರೋದ್ಗಾರಿ, 58ನೆಯದು ರಕ್ತಾಕ್ಷಿ. ಮಕ್ಕಳಿಗೆ ಅವನ್ನು ಯಾರೂ ಇಡುವುದಿಲ್ಲ. ರಕ್ತ ಎಂಬ ಪದದಲ್ಲಿ ಬಣ್ಣಕ್ಕಿಂತ ಮೊದಲು ನೆತ್ತರೇ ಕಾಣುತ್ತದೆ.

ಕೆಂಪಲ್ಲದ್ದನ್ನು ಕೆಂಪು ಮಾಡುವ ತಪ್ಪು ಬಹಳ ಕಡೆ ಆಗುತ್ತದೆ. ಸುಲಭದ ಪರೀಕ್ಷೆ ಒಂದಿದೆ: ಕೆಂ ತೆಗೆದ ಮೇಲೆ ಉಳಿದದ್ದು ಪೂರ್ಣ ಪದವಾಗಿ ನಿಲ್ಲಬೇಕು, ಇಲ್ಲವೇ ಕೆಂಪು, ಕೆಂಚು ಎಂಬ ಸಿದ್ಧರೂಪ ಅಲ್ಲಿ ಇರಬೇಕು. ಕೆಂಗಲ್ಲಿನಲ್ಲಿ ಕಲ್ಲು ನಿಲ್ಲುತ್ತದೆ. ಕೆನ್ನೆಯಲ್ಲಿ ಏನೂ ನಿಲ್ಲುವುದಿಲ್ಲ, ಕೆನ್ನೆ ಬೇರೆ ಪದ. ಕೆಂಡದಲ್ಲೂ ಏನೂ ಉಳಿಯುವುದಿಲ್ಲ. ಆದ್ದರಿಂದ ಕೆಂಡಗಣ್ಣಪ್ಪ ಎಂಬ ಹೆಸರಿನಲ್ಲಿರುವುದು ಕೆಂಗಣ್ಣಲ್ಲ, ಕೆಂಡದ ಕಣ್ಣು, ಶಿವನ ಉರಿಗಣ್ಣು. ಕೇಸರಿಯನ್ನು ಕೇಸಡಿಯ ಸಾಲಿಗೆ ಸೇರಿಸಬಾರದು, ಅದು ಕೇಸರ ಎಂಬ ಸಂಸ್ಕೃತ ಪದದಿಂದ ಬಂದದ್ದು. ಕಂಚಪ್ಪ ಮತ್ತು ಕೆಂಚಪ್ಪ ಬೇರೆ ಬೇರೆ, ರೋಮನ್‌ನಲ್ಲಿ ಒಂದಕ್ಷರ ತಪ್ಪಿದರೆ ಕೆಂಚು ಕಂಚಾಗಿಬಿಡುತ್ತದೆ, ಆಡುಮಾತಿನ ‘ಕ್ಯಂಚಪ್ಪ’ ಕೇಳಿ ಬರೆದವರೂ ಹೀಗೆ ತಪ್ಪುತ್ತಾರೆ.

ಚೆನ್ನಪ್ಪ, ಚೆನ್ನಮ್ಮರಲ್ಲಿ ಕೆಂಪನ್ನು ಹುಡುಕುವುದೂ ತಪ್ಪು, ಅಲ್ಲಿರುವುದು ಚೆನ್ನು, ಅಂದ. ಕಾವ್ಯದ ಚೆಂದುಟಿ, ಚೆಂದಳಿರುಗಳಲ್ಲಿ ಮಾತ್ರ ಚೆಂ ಎಂಬುದು ಕೆಂಪು, ಏಕೆಂದರೆ ಅಲ್ಲಿ ತುಟಿ, ತಳಿರು ನಿಲ್ಲುತ್ತವೆ. ತಮಿಳಿನ ಸಿವಪ್ಪು ಪದವನ್ನು ಹಿಡಿದು ಶಿವ ಎಂದರೆ ಕೆಂಪು ಎನ್ನುವವರೂ ಇದ್ದಾರೆ. ಶಿವ ಎಂಬ ಪದ ಮಂಗಳಕರ ಎಂಬ ಅರ್ಥದಲ್ಲಿ ಋಗ್ವೇದದಲ್ಲೇ ಇದೆ, ಧ್ವನಿ ಹೋಲಿದ ಮಾತ್ರಕ್ಕೆ ನಂಟು ಕಟ್ಟಬಾರದು. ಗಡಿನಾಡಿನಲ್ಲಿ ತೆಲುಗಿನ ಎರ್ರ ಕೆಂಪು, ಆದರೆ ಎರ್ರಿ ಎಂದರೆ ವೆರ್ರಿ, ಹುಚ್ಚು. ಅವಧೂತರ ಹೆಸರಿನೊಂದಿಗೆ ಬರುವುದು ಈ ಎರಡನೆಯದು. ಲಾಲ್ ಎಂಬುದೂ ಎರಡು. ಲಾಲ್‌ಬಾಗ್, ಲಾಲ್‌ಸಾಬ್ ಎಂಬಲ್ಲಿರುವುದು ಪಾರಸಿಯ ಮಾಣಿಕ್ಯ, ಅದರ ಕೆಂಪು. ಮೋಹನಲಾಲ್, ಹೀರಾಲಾಲ್ ಎಂಬ ಕೊನೆಯ ಲಾಲ್ ಮುದ್ದಿನ ಮಗ, ಲಾಲನೆ ಎಂಬ ಪದದ ಬಳಗ.

ಅನುಮಾನ ಬಂದಾಗ 1894ರ ಕಿಟೆಲ್ ನಿಘಂಟು ತೆರೆದು ಕೆಂ, ಕೆನ್, ಕೇಸು, ಕಿಸು ನಾಲ್ಕನ್ನೂ ನೋಡಬೇಕು. ಒಂದನ್ನೇ ನೋಡಿ ಮುಚ್ಚಿದರೆ ಕಿಸುವೊಳಲ್ ಸಿಗುವುದಿಲ್ಲ. ನಿಘಂಟು ಪದದ ಅರ್ಥ ಕೊಡುತ್ತದೆ, ಹೆಸರಿಟ್ಟ ಕಾರಣವನ್ನು ಮನೆಯ ಹಿರಿಯರೇ ಕೊಡಬೇಕು. ಕೆಂಪಮ್ಮ ಎಂಬ ಹೆಸರಿನ ಅಜ್ಜಿ ಮನೆಯಲ್ಲಿದ್ದರೆ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಯಾರ ಹೆಸರು, ಯಾವ ದೇವಿಯ ಹರಕೆ, ಆ ದೇವಿಯ ಗುಡಿ ಯಾವ ಊರಿನಲ್ಲಿ.

ತೊಟ್ಟಿಲಿಗೆ ಹಾಕಿ ಹೆಸರು ಕರೆದಾದ ಮೇಲೆ ಮಗುವಿಗೆ ಓಕುಳಿ ನೀರಿನಲ್ಲಿ ಆರತಿ ಮಾಡುತ್ತಾರೆ, ಹೆಸರು ಅರುಣ್ ಆಗಲಿ ಕೆಂಪರಾಜು ಆಗಲಿ. ತಟ್ಟೆಯ ನೀರಿಗೆ ಮೊದಲು ಒಂದು ಚಮಚ ಅರಿಸಿನ ಕದಡಿ, ಆಮೇಲೆ ಕಡಲೆ ಗಾತ್ರದಷ್ಟು ಎಲೆಯಡಿಕೆಯ ಸುಣ್ಣ ಬೆರಳಲ್ಲಿ ತಿಕ್ಕಿ ಬಿಟ್ಟರೆ ಹಳದಿ ನೀರು ಕಣ್ಣೆದುರೇ ಕೆಂಪಾಗುತ್ತದೆ. ಸುಣ್ಣದ ಕ್ಷಾರಕ್ಕೆ ಅರಿಸಿನದ ಬಣ್ಣ ತಿರುಗುವುದರಿಂದ ಹೀಗಾಗುತ್ತದೆ. ಸುಣ್ಣ ಹಳೆಯದಾಗಿ ಒಣಗಿ ಸತ್ತಿದ್ದರೆ ನೀರು ಕಿತ್ತಳೆಯಲ್ಲೇ ನಿಲ್ಲುತ್ತದೆ, ಹೆಚ್ಚಾದರೆ ಕಂದು, ಅಂದರೆ ಕೆಂಚು. ನಿಂಬೆ ಹಿಂಡಿದ ಕೈಯನ್ನು ಅದರಲ್ಲಿ ಅದ್ದಬಾರದು, ಹುಳಿ ತಾಕಿದ ಕಡೆ ಮತ್ತೆ ಹಳದಿಯಾಗುತ್ತದೆ.